ಒಬ್ಬರೇ ಮನೆಯಲ್ಲಿ ಕರಾಟೆಯ ಕಟಾ ಮಾಡಿದರೆ ವ್ಯಾಯಾಮ ಸಾಕಾಗುತ್ತದೆಯೇ?

ಹಿಂದೆ ಎರಡು ವರ್ಷ ಶೋಟೋಕಾನ್ ಶೈಲಿಯ ಕರಾಟೆ ಕಲಿತಿದ್ದ ನೀವು, ಈಗ ತರಗತಿಗೆ ಹೋಗಲು ಬಿಡುವಿಲ್ಲದ ಕಾರಣ ಕಟಾಗಳನ್ನಷ್ಟೇ (ಎದುರಾಳಿಯಿಲ್ಲದೆ ಗೊತ್ತಾದ ಕ್ರಮದಲ್ಲಿ ಮಾಡುವ ಹೊಡೆತ-ತಡೆಗಳ ಜೋಡಣೆ) ಮನೆಯಲ್ಲಿ ಮಾಡಿದರೆ ದೇಹಕ್ಕೆ ಸಾಕಾದೀತೇ ಎಂದು ಕೇಳಿದ್ದೀರಿ. ಆರು ವರ್ಷಗಳಿಂದ ನಾನು ಮಾಡುತ್ತಿರುವುದೂ ಅದನ್ನೇ. ನಿಲುವನ್ನು ತಗ್ಗಿಸಿ ಮಾಡುವವರಿಗೆ ಬಹುಮಟ್ಟಿಗೆ ಸಾಕಾಗುತ್ತದೆ.

ಹೇಯಾನ್ ಶೋದಾನ್ ಕಟಾವನ್ನೇ ತೆಗೆದುಕೊಳ್ಳಿ. ಅದರಲ್ಲಿರುವ 21 ಚಲನೆಗಳನ್ನು ನೆಟ್ಟಗೆ ನಿಂತು ಕೈ ಬೀಸಿ ಮುಗಿಸಿದರೆ ಒಂದು ನಿಮಿಷವೂ ಹಿಡಿಯುವುದಿಲ್ಲ, ಉಸಿರೂ ಏರುವುದಿಲ್ಲ. ಅದನ್ನೇ ಮುಂದಿನ ಮೊಣಕಾಲನ್ನು ಚೆನ್ನಾಗಿ ಬಾಗಿಸಿ, ಹೆಜ್ಜೆ ಬದಲಿಸುವಾಗ ತಲೆ ಮೇಲೇಳದಂತೆ ಮಾಡಿದರೆ ಮೂರನೆಯ ಸುತ್ತಿಗೇ ತೊಡೆ ನಡುಗತೊಡಗುತ್ತದೆ. ಜಪಾನಿನ ಒಕಿನಾವಾದ ಕರಾಟೆ ಗುರು ಇತೊಸು ಅಂಕೊ ಅವರು ಇದೂ ಸೇರಿದಂತೆ ಹೇಯಾನ್ ಸರಣಿಯ ಐದು ಕಟಾಗಳನ್ನು ಶಾಲಾ ಮಕ್ಕಳಿಗೆಂದೇ ರೂಪಿಸಿದ್ದರಿಂದ, ವ್ಯಾಯಾಮಕ್ಕಾಗಿ ಇವನ್ನು ಮಾಡಿದರೆ ವಿದ್ಯೆಗೆ ಅಪಚಾರವಾಯಿತೆಂದು ಸಂಕೋಚಪಡಬೇಕಾಗಿಲ್ಲ.

ನಾನು ಬೆಳಿಗ್ಗೆ ತಾರಸಿಯ ಮೇಲೆ, ಚಲನೆಗೊಂದು ಪೂರ್ಣ ಉಸಿರಿನಂತೆ ಎರಡು ಸುತ್ತು ನಿಧಾನವಾಗಿ ಮಾಡಿ, ಬಳಿಕ ಅರ್ಧರ್ಧ ನಿಮಿಷದ ಬಿಡುವು ಕೊಟ್ಟು ಪೂರ್ಣ ವೇಗದಲ್ಲಿ ಆರೇಳು ಸುತ್ತು ಮಾಡುತ್ತೇನೆ. ಕಟಾ ಆರಂಭವಾದ ಜಾಗಕ್ಕೇ ಬಂದು ಮುಗಿಯಬೇಕಾದ್ದರಿಂದ ಅಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿರುತ್ತೇನೆ. ಮೊದಲ ಸುತ್ತುಗಳಲ್ಲಿ ಹಿಮ್ಮಡಿ ಗೆರೆಯ ಮೇಲೇ ಬಂದು ನಿಲ್ಲುತ್ತದೆ. ಕೊನೆಕೊನೆಗೆ ಮೂರು ಗುದ್ದುಗಳೊಂದಿಗೆ ಹಿಂತಿರುಗುವ ಹೆಜ್ಜೆಗಳು ಗಿಡ್ಡವಾಗಿ, ಗೆರೆ ಒಂದಡಿ ದೂರದಲ್ಲೇ ಉಳಿಯುತ್ತದೆ. ಕಾಲು ಸೋತಿದೆಯೆಂದು ತಿಳಿದು ಆ ದಿನಕ್ಕೆ ನಿಲ್ಲಿಸುತ್ತೇನೆ.

ಮೊಣಕಾಲಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಮೂರನೆಯ ಮೇಲ್ತಡೆಯ (ತಲೆಗೆ ಬರುವ ಹೊಡೆತವನ್ನು ಮುಂಗೈ ಮೇಲೆತ್ತಿ ತಡೆಯುವುದು) ನಂತರದ 270 ಡಿಗ್ರಿ ತಿರುವಿನಲ್ಲಿ, ಒರಟು ಸಿಮೆಂಟಿಗೆ ಬರಿಗಾಲು ಕಚ್ಚಿಕೊಂಡು ಮೊಣಕಾಲಷ್ಟೇ ತಿರುಗಿದ್ದರಿಂದ ಮೂರು ವಾರ ಮೆಟ್ಟಿಲು ಹತ್ತಲು ಒದ್ದಾಡಿದ್ದೇನೆ. ಆ ಕಾಲಿನ ಮೇಲಿನ ಭಾರವನ್ನು ಹಗುರ ಮಾಡಿ, ಪಾದವನ್ನೂ ಸೊಂಟವನ್ನೂ ಒಟ್ಟಿಗೆ ತಿರುಗಿಸಬೇಕು. ತಾರಸಿ ಇಲ್ಲದಿದ್ದರೆ, ಇಡೀ ಕಟಾ ಅಡ್ಡಡ್ಡವಾಗಿಯೇ ಸಾಗುವ ಟೆಕ್ಕಿ ಶೋದಾನ್ ಮಾಡಿ. ಮಂಚದ ಪಕ್ಕದ ಓಣಿಯಷ್ಟು ಜಾಗ ಸಾಕು, ಕಾಲುಗಳನ್ನು ಅಗಲಿಸಿ ಮೊಣಕಾಲು ಬಾಗಿಸಿದ ಕುದುರೆ ಸವಾರಿಯ ನಿಲುವಿನಲ್ಲೇ ಇರಬೇಕಾದ್ದರಿಂದ ಬಸ್ಕಿ ಹೊಡೆದಷ್ಟೇ ನೋವು ಖಂಡಿತ.

ಇಷ್ಟಾದರೂ ಕಟಾದಲ್ಲಿ ಭಾರ ಎಳೆಯುವ ಕೆಲಸವಿಲ್ಲದ್ದರಿಂದ ಬೆನ್ನಿಗೆ ಸಿಗಬೇಕಾದದ್ದು ಸಿಗುವುದಿಲ್ಲ. ಅದಕ್ಕಾಗಿ ವಾರಕ್ಕೆರಡು ದಿನ ಕಂಬಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆಳೆಯುವ ಕಸರತ್ತು ಸೇರಿಸಿಕೊಂಡಿದ್ದೇನೆ. ಸದ್ಯಕ್ಕೆ ಐದು ಸಲಕ್ಕಿಂತ ಹೆಚ್ಚು ಆಗುತ್ತಿಲ್ಲ.