ಸೊಸೆಯ ಮನೆಹೆಸರು ‘ಕೆಅಲೋಹ’: ಅರ್ಥ ಏನು, ಎಲ್ಲಿಂದ ಬಂತು?

ಪ್ರಶ್ನೆ: ನಮಸ್ಕಾರ. ನನ್ನ ಮಗ ಸಿಯಾಟಲ್‌ನಲ್ಲಿದಾನೆ, ಜೊತೆಗೆ ಕೆಲಸ ಮಾಡೋ ಹವಾಯಿ ಕಡೆ ಹುಡುಗೀನ ಮದುವೆ ಆಗ್ತಿದಾನೆ, ನಮಗೂ ಖುಷಿನೇ. ಲಗ್ನಪತ್ರಿಕೆ ಪ್ರೂಫ್ ಬಂದಾಗ ಹುಡುಗಿ ಸರ್‌ನೇಮ್ ‘ಕೀಲೋಹ’ ಅಂತ ಬಂದಿತ್ತು, ಮಗನ್ನ ಕೇಳಿದ್ರೆ ಅದು ‘ಕೆ-ಅಲೋಹ’ ಅಂದ, ನಮ್ಮ ಯಜಮಾನ್ರು ಅಲೋಹ ಅಂದ್ರೆ ಸೈನ್ಸ್ ಪಾಠದಲ್ಲಿ ಬರೋದಲ್ವಾ ಅಂತಾರೆ. ಇದರ ಅರ್ಥ ಏನು? ನಮ್ಮಲ್ಲಿ ಅಡ್ಡಹೆಸರು ಅಂತಾರಲ್ಲ, ಹಂಗೆ ಇದೂ ಒಂದು ಮನೆತನಾನಾ? ಮಗನ ಆಫೀಸಲ್ಲೇ ಇನ್ನೊಬ್ರು ಕೆಅಲೋಹ ಇದಾರಂತೆ, ಆದ್ರೆ ಇವರಿಗೆ ಸಂಬಂಧನೇ ಅಲ್ವಂತೆ, ಅದು ಹೆಂಗೆ? — ಒಬ್ಬ ಓದುಗರು, ಹಾಸನ

ಉತ್ತರ: ಅಮ್ಮಾ, ಮೊದಲು ಪತ್ರಿಕೆ ವಿಷಯ ಮುಗಿಸಿಬಿಡೋಣ, ಪ್ರೆಸ್ಸಿನವರು ಕಾಯ್ತಿರ್ತಾರೆ. ನಿಮ್ಮ ಮಗ ಹೇಳಿದ್ದೇ ಸರಿ, ಕೆಅಲೋಹ ಅಂತ ಹಾಕ್ಸಿ. ಕೆ ಹ್ರಸ್ವ, ಆಮೇಲೆ ಅ ಬಿಡಿಸಿ ಹೇಳ್ಬೇಕು, ‘ಲೋ’ ಮೇಲೆ ಸ್ವಲ್ಪ ಒತ್ತು, ಕೊನೇ ‘ಹ’ ಕೂಡ ಹ್ರಸ್ವ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡ್ಕೊಂಡು ಓದಿದ್ರೆ ಕೀಲೋಹ ಅಂತ್ಲೇ ಬಾಯಿಗೆ ಬರುತ್ತೆ, ಪ್ರೆಸ್ಸಿನವರ ತಪ್ಪಲ್ಲ. ನಮ್ಮ ರಸಾಯನಶಾಸ್ತ್ರದ ಅಲೋಹಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ, ಯಜಮಾನ್ರಿಗೆ ಹೇಳಿ.

ಇದು ಎರಡು ಪದ ಅಂಟಿಕೊಂಡಿರೋ ಹೆಸರು. ‘ಅಲೋಹ’ ಅಂದ್ರೆ ಪ್ರೀತಿ, ಅಕ್ಕರೆ, ಕರುಣೆ ಎಲ್ಲಾನೂ, ಹೋಗ್ತಾ ಬರ್ತಾ ಹೇಳೋ ನಮಸ್ಕಾರನೂ ಅದೇ. ಮುಂದಿರೋ ‘ಕೆ’ ಇಂಗ್ಲಿಷಿನ ‘ದಿ’ ಥರದ್ದು. ಹವಾಯಿ ಭಾಷೇಲಿ ಕ, ಎ, ಅ, ಒ ಇಂದ ಶುರುವಾಗೋ ಪದಗಳ ಮುಂದೆ ಸಾಮಾನ್ಯವಾಗಿ ‘ಕೆ’ ಬರುತ್ತೆ, ಮಿಕ್ಕಿದ್ದಕ್ಕೆ ‘ಕ’. ಅದಕ್ಕೇ ಆ ಕಡೆ ಹೆಸರುಗಳೆಲ್ಲ ಕ, ಕೆ ಇಂದಾನೇ ಶುರುವಾದಂಗೆ ಕಾಣ್ಸೋದು: ಕೆಕೋವ ಅಂದ್ರೆ ಯೋಧ, ಕೆಓಲ ಅಂದ್ರೆ ಜೀವ, ಕಹಲೆ ಅಂದ್ರೆ ಮನೆ, ಕಲನಿ ಅಂದ್ರೆ ಆಕಾಶ. ಸಿನಿಮಾ ನಟ ಕಿಯಾನು ರೀವ್ಸ್ ಹೆಸರು ಕೂಡ ಹಿಂಗೇ, ಕೆ ಮತ್ತು ಅನು, ತಂಪು ಅಂತ. ಹಂಗಾಗಿ ನಿಮ್ಮ ಸೊಸೆ ಮನೆಹೆಸರಿನ ಅರ್ಥ ‘ಪ್ರೀತಿ’. ಇಷ್ಟೇ, ಇಷ್ಟು ಚಂದ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ನಿಮಗೆ ಇದು ವಾಟ್ಸಾಪಲ್ಲಿ ಬಂದೇ ಬರುತ್ತೆ. ‘ಅಲೊ’ ಅಂದ್ರೆ ಎದುರು, ‘ಹಾ’ ಅಂದ್ರೆ ಉಸಿರು, ಹಾಗಾಗಿ ಅಲೋಹ ಅಂದ್ರೆ ಉಸಿರಿನ ಸಾನ್ನಿಧ್ಯ ಅಂತ ತುಂಬಾ ಜನ ಬರೀತಾರೆ. ಕೇಳೋಕೆ ಚೆನ್ನಾಗಿದೆ, ಆದ್ರೆ ನನಗೆ ಒಪ್ಪಿಗೆ ಇಲ್ಲ. ಉಸಿರು ಅನ್ನೋ ‘ಹಾ’ ದೀರ್ಘ, ಅಲೋಹದ ಕೊನೇ ‘ಹ’ ಹ್ರಸ್ವ. ಬಲೆಗೂ ಬಾಲೆಗೂ ವ್ಯತ್ಯಾಸ ಗೊತ್ತಿರೋ ಕನ್ನಡದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಅದೂ ಅಲ್ದೆ ನ್ಯೂಜಿಲೆಂಡಿನ ಮಾವೊರಿ ಜನ ಇದೇ ಪದಾನ ‘ಅರೋಹ’ ಅಂತಾರೆ, ಸಮೋವಾದಲ್ಲಿ ‘ಅಲೋಫ’, ಎಲ್ಲಾ ಕಡೆ ಅರ್ಥ ಪ್ರೀತಿನೇ. ಒಂದೇ ತಾಯಿಭಾಷೆಯಿಂದ ದ್ವೀಪ ದ್ವೀಪಕ್ಕೆ ದೋಣೀಲಿ ಹೋದ ಹಳೇ ಪದ ಇದು.

ಈಗ ಮನೆತನದ ಪ್ರಶ್ನೆ. ಹವಾಯಿ ಜನಕ್ಕೆ ಮೊದಲು ಸರ್‌ನೇಮೇ ಇರಲಿಲ್ಲ. ಒಬ್ಬರಿಗೆ ಒಂದು ಹೆಸರು, ಅದು ಅವರದ್ದೇ, ಗಂಡು ಹೆಣ್ಣು ಅಂತ ಭೇದನೂ ಇಲ್ಲ. 1860ರಲ್ಲಿ ರಾಜ ನಾಲ್ಕನೇ ಕಮೆಹಮೆಹ ಒಂದು ಕಾಯ್ದೆ ತಂದ: ಮದುವೆಯಾದ ಹೆಂಗಸರು ಗಂಡನ ಹೆಸರು ಇಟ್ಕೋಬೇಕು, ಹುಟ್ಟೋ ಮಕ್ಕಳಿಗೆ ಅಪ್ಪನ ಹೆಸರೇ ಮನೆಹೆಸರು, ಜೊತೆಗೆ ಗಂಡಿಗೆ ಗಂಡಿಂದು ಹೆಣ್ಣಿಗೆ ಹೆಣ್ಣಿಂದು ಅಂತ ಒಂದು ಕ್ರಿಶ್ಚಿಯನ್ ಹೆಸರು ಕಡ್ಡಾಯ, ಅಪ್ಪ ಅಮ್ಮಂಗೆ ಮದುವೆ ಆಗಿಲ್ದೇ ಇದ್ರೆ ಮಗುವಿಗೆ ಅಮ್ಮನ ಹೆಸರು. ಕ್ರಿಶ್ಚಿಯನ್ ಹೆಸರಿನ ಕಟ್ಟು ತೆಗೆದಿದ್ದು 1967ರಲ್ಲಿ, ಅಂದ್ರೆ ನೂರು ವರ್ಷದ ಮೇಲೆ.

ಇದರಿಂದ ಏನಾಯ್ತು ನೋಡಿ. ಒಂದೇ ತಾಯಿಯ ಮೂರು ಗಂಡು ಮಕ್ಕಳು ಇದ್ರು ಅನ್ಕೊಳ್ಳಿ, ಒಬ್ಬ ಕೆಅಲೋಹ, ಒಬ್ಬ ಕಹಲೆ, ಒಬ್ಬ ಕೆಕೋವ, ಅವರವರ ಮಕ್ಕಳಿಗೆ ಅವರವರಪ್ಪನ ಹೆಸರು ಸರ್‌ನೇಮ್ ಆಗಿ ನಿಂತ್ಬಿಡ್ತು, ಅಣ್ಣತಮ್ಮಂದಿರ ಮಕ್ಕಳೇ ಬೇರೆ ಬೇರೆ ಮನೆಹೆಸರಿನವರಾದ್ರು. ಅದೇ ವೇಳೆಗೆ ಇನ್ನೊಂದು ದ್ವೀಪದಲ್ಲಿ ಸಂಬಂಧನೇ ಇಲ್ಲದ ಇನ್ನೊಬ್ಬ ಕೆಅಲೋಹ ಇದ್ದ, ಅವನ ಮಕ್ಕಳೂ ಕೆಅಲೋಹಗಳಾದ್ರು. ನಿಮ್ಮ ಮಗನ ಆಫೀಸಿನ ಒಗಟು ಇಷ್ಟೇ. ಅದು ಗೋತ್ರದ ಹೆಸರಲ್ಲ, ಎಂದೋ ಬದುಕಿದ್ದ ಒಬ್ಬ ಅಜ್ಜನ ಅಥವಾ ಅಜ್ಜಿಯ ಸ್ವಂತ ಹೆಸರು. ನಮ್ಮ ಹಾಸನದ ಶಿವಣ್ಣನ ಮಗ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಬರೆದ್ರೆ, ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗಳು ಸ್ಕೂಲಲ್ಲಿ ಮಿಸ್ ಶಿವಣ್ಣ ಆಗ್ತಾಳಲ್ಲ, ಥೇಟ್ ಅದೇ.

ಹೆಸರು ಇಡೋದು ಅವರಲ್ಲಿ ತೀರಾ ಗಂಭೀರವಾದ ವಿಷಯ. ಕನಸಲ್ಲಿ ಬಂದ ಹೆಸರಿಗೆ ‘ಇನೋವ ಪೋ’ ಅಂತಾರೆ, ಅದನ್ನ ಮಗುವಿಗೆ ಇಡದೇ ಬಿಟ್ರೆ ಮಗುವಿಗೆ ಕಾಯಿಲೆ ಬರುತ್ತೆ ಅನ್ನೋ ನಂಬಿಕೆ ಇತ್ತು. ಮಕ್ಕಳು ಉಳೀಲಿಲ್ಲ ಅಂದ್ರೆ ನಮ್ಮಲ್ಲಿ ತಿಪ್ಪ, ಗುಂಡ ಅಂತ ಇಡ್ತಿದ್ರಲ್ಲ, ಅವರೂ ಕೆಟ್ಟ ದೃಷ್ಟಿ ಬೀಳದಿರಲಿ ಅಂತ ಅಸಹ್ಯದ ಹೆಸರು ಇಡ್ತಿದ್ರು. ಆಗಿನ ಘಟನೆನೇ ಹೆಸರಾಗೋದೂ ಉಂಟು. ಹವಾಯಿಯ ಕೊನೇ ರಾಣಿ ಲಿಲಿಉಓಕಲನಿ 1838ರಲ್ಲಿ ಹುಟ್ಟಿದಾಗ, ಆಗ ಅಧಿಕಾರದಲ್ಲಿದ್ದ ಹಿರಿಯಾಕೆ ಕೀನಾಉಗೆ ಕಣ್ಣುಬೇನೆ. ಅದರ ನೆನಪಿಗೆ ಮಗುವಿಗೆ ಇಟ್ಟಿದ್ದು ಉರಿ, ಕಣ್ಣೀರು, ಸುಡೋ ನೋವು ಅನ್ನೋ ಅರ್ಥದ ಹೆಸರುಗಳು, ಅದರಲ್ಲೊಂದು ಕಮಕಎಹ, ಅಂದ್ರೆ ‘ನೋಯೋ ಕಣ್ಣು’. 1893ರಲ್ಲಿ ಆಕೆಯನ್ನ ಸಿಂಹಾಸನದಿಂದ ಇಳಿಸಿದ್ರು, ಆ ಹೆಸರು ನೆನೆದ್ರೆ ನನಗೆ ಈಗಲೂ ಸಂಕಟ ಆಗುತ್ತೆ.

ಈ ಹೆಸರಿನವರು ಎಷ್ಟು ಜನ ಇದಾರೆ ಅಂತಾನೂ ನಿಮಗೆ ಅನ್ನಿಸ್ಬಹುದು. ಹವಾಯಿ ಮೂಲದ ಸರ್‌ನೇಮುಗಳಲ್ಲಿ ಕೆಅಲೋಹ ಚೆನ್ನಾಗಿ ಬಳಕೆಯಲ್ಲಿರೋದೇ. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯ ಆದಾಗ ಮೊದಲ ಲೆಫ್ಟಿನೆಂಟ್ ಗವರ್ನರ್ ಆದವರು ಜೇಮ್ಸ್ ಕೆಅಲೋಹ. ಆದ್ರೆ ಅಲ್ಲಿನ ರಾಜಧಾನಿ ಹೊನೊಲುಲುನಲ್ಲಿ ಬಾಗಿಲ ಮೇಲಿನ ಹೆಸರು ಓದ್ಕೊಂಡು ಹೋದ್ರೆ ಲೀ, ವಾಂಗ್, ಕಿಮ್, ನಕಮುರ ಇವೇ ಹೆಚ್ಚು ಸಿಗ್ತವೆ. 1778ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ ಕಾಲಿಟ್ಟ ಮೇಲೆ ಹೊರಗಿನ ರೋಗಗಳು ಬಂದು ಜನ ಸತ್ತೂ ಸತ್ತೂ 1890ರ ಹೊತ್ತಿಗೆ ಮಿಶ್ರ ರಕ್ತದವರನ್ನೂ ಸೇರಿಸಿ ಮೂಲನಿವಾಸಿಗಳು ಸುಮಾರು 40 ಸಾವಿರಕ್ಕೆ ಇಳಿದಿದ್ರು. ಕಬ್ಬಿನ ತೋಟಕ್ಕೆ ಚೀನಾ, ಜಪಾನ್, ಪೋರ್ಚುಗಲ್, ಕೊರಿಯಾ, ಫಿಲಿಪೀನ್ಸಿಂದ ಕೂಲಿಗಳು ಬಂದ್ರು, ಅಲ್ಲೇ ಮದುವೆ ಆದ್ರು, ಹೆಂಗಸರ ಹವಾಯಿ ಹೆಸರು ಕಾಯ್ದೆ ಪ್ರಕಾರ ಮರೆಯಾಯ್ತು. ಅದಕ್ಕೇ ಸರ್‌ನೇಮ್ ನೋಡಿ ಇವರು ಹವಾಯಿಯವರು, ಇವರಲ್ಲ ಅಂತ ಹೇಳೋಕೆ ಹೋಗ್ಬೇಡಿ. ರಾಜ್ಯದ ಮೊದಲ ಆಸ್ಥಾನಕವಿ ಕೆಅಲೋಹ ಅಂತ್ಲೇ ಪ್ರಸಿದ್ಧರು, ಅವರ ಸರ್‌ನೇಮ್ ವಾಂಗ್.

ಇನ್ನೊಂದು, ನಿಮ್ಮ ಸೊಸೇದು ಪುಟ್ಟ ಹೆಸರು. 2013ರಲ್ಲಿ ಅಲ್ಲಿನ ಒಬ್ಬ ಮಹಿಳೆಯ ಸರ್‌ನೇಮ್ 35 ಇಂಗ್ಲಿಷ್ ಅಕ್ಷರ ಇತ್ತು, ಡ್ರೈವಿಂಗ್ ಲೈಸೆನ್ಸಲ್ಲಿ ಕೊನೇ ಅಕ್ಷರ ಹಿಡಿಸದೆ ಬಿಟ್ಟುಹೋಗಿತ್ತು. ಆಕೆ ಹೆಸರು ಮೊಟಕು ಮಾಡ್ಕೊಳ್ಳಲ್ಲ ಅಂತ ಪಟ್ಟು ಹಿಡಿದ್ರು, ಕೊನೆಗೆ ಸರ್ಕಾರನೇ 40 ಅಕ್ಷರಕ್ಕೆ ಜಾಗ ಮಾಡ್ತು.

ಹುಡುಗಿಗೆ ಮಧ್ಯದಲ್ಲಿ ಇನ್ನೊಂದು ಹವಾಯಿ ಹೆಸರು ಇರಬಹುದು, ಕೇಳಿ ನೋಡಿ, ಯಾರು ಇಟ್ರು, ಯಾಕಿಟ್ರು ಅಂತಾನೂ ಕೇಳಿ. ಅವರ ಅಪ್ಪ ಅಮ್ಮ ಒಪ್ಪಿದ್ರೆ ಅದನ್ನೂ ಪತ್ರಿಕೇಲಿ ಸೇರಿಸಿ, ಪ್ರೂಫ್ ಒಂದ್ಸಲ ಅವರಿಗೇ ಓದಿ ಕೇಳಿಸಿ ಆಮೇಲೆ ಪ್ರಿಂಟಿಗೆ ಕೊಡಿ.