ಸಕಲೇಶಪುರ ಸೈಡಿನ ತೋಟಕ್ಕೆ ಯಾವ ತಳಿ ಕುದುರೆ ಸರಿ, ಇಲ್ಲ ಕತ್ತೇನೇ ಸಾಕಾ?

ನೀವು ಕೇಳಿರೋದು ಇಷ್ಟು: ಸಕಲೇಶಪುರದಿಂದ ಒಳಗೆ ಕಾಫಿ ತೋಟ, ಹೋಮ್‌ಸ್ಟೇ ಇದೆ, ಗೆಸ್ಟ್‌ಗಳಿಗೆ ಅಂತ ಒಂದು ಮಾರ್ವಾಡಿ ಕುದುರೆ ತರ್ಬೇಕು, ಆಗ್ಲಿಲ್ಲ ಅಂದ್ರೆ ಮಿನಿ ಕತ್ತೆ, ಎಷ್ಟು ಎತ್ತರದ್ದು ತರ್ಲಿ ಅಂತ. ನಾನು ಹಾಸನದ ಹೊರಗಡೆ ಕುದುರೆ ಇಟ್ಕೊಂಡಿರೋನು, ಡಾಕ್ಟರ್ ಅಲ್ಲ. ಆದ್ರೂ ಹೇಳ್ತೀನಿ, ತಳಿ ಆಮೇಲೆ ನೋಡುವ, ಮೊದ್ಲು ನಿಮ್ಮ ಮಳೆಗಾಲ ನೋಡಿ.

ಮಾರ್ವಾಡಿ ಜೋಧಪುರದ ಕಡೇದು, ಅಲ್ಲಿ ವರ್ಷಪೂರ್ತಿ ಮಳೆ ಸೇರ್ಸಿದ್ರೂ 400 ಮಿಲಿಮೀಟರ್ ದಾಟೋದು ಕಷ್ಟ, ನಿಮ್ಮಲ್ಲಿ ಜುಲೈ ಒಂದ್ರಲ್ಲೇ ಅದಕ್ಕಿಂತ ಜಾಸ್ತಿ ಸುರಿಯುತ್ತೆ. ಕಿವಿ ನೋಡಿ ಮರುಳಾಗಿರ್ತೀರ, ಗೊತ್ತು. ಎರಡೂ ಕಿವಿ ತುದಿ ಒಳಗೆ ಬಾಗಿ ಒಂದಕ್ಕೊಂದು ತಾಗೋ ಆ ಚೆಂದ ಮಾರ್ವಾಡಿಗೆ, ಗುಜರಾತಿನ ಕಾಠಿಯಾವಾಡಿಗೆ ಬಿಟ್ರೆ ಬೇರೆ ಕುದುರೇಲಿ ಸಿಗಲ್ಲ, ನಂಗೂ ಇಷ್ಟವೇ. ಆದ್ರೆ ಕುದುರೆ ನಿಲ್ಲೋದು ಕಿವಿ ಮೇಲಲ್ಲ ಸ್ವಾಮಿ, ಗೊರಸಿನ ಮೇಲೆ.

ಕಾಲೆತ್ತಿ ನೋಡಿ, ಗೊರಸಿನ ಅಡಿಯಲ್ಲಿ ಮೂರು ಮೂಲೆಯ ಮೆತ್ತಗಿನ ಭಾಗ ಇರುತ್ತೆ, ಅದರ ಎರಡೂ ಪಕ್ಕ ಆಳವಾದ ಸಂದು. ಕೆಸರು, ಲದ್ದಿ ಎಲ್ಲ ಆ ಸಂದಿಗೆ ಸೇರ್ಕೊಂಡು ಗಾಳಿ ಆಡದೆ ಕೊಳೆಯೋಕೆ ಶುರುವಾದ್ರೆ ಕೊಕ್ಕೆ ಹಾಕಿ ಕೆರೆದಾಗ ಕಪ್ಪಗೆ ಗ್ರೀಸ್ ಥರ ಬರುತ್ತೆ, ಆ ವಾಸನೆ ಮೂಗಿಗೆ ಹೊಡೆದ್ರೆ ಅವತ್ತು ಊಟ ಸೇರಲ್ಲ. ಹಾಗೇ ಬಿಟ್ರೆ ಕುಂಟು. ಕಾಫಿ ತೋಟದ ನೆರಳಲ್ಲಿ ನೆಲ ಒಣಗೋದೇ ಇಲ್ಲ, ಜೊತೆಗೆ ಇಂಬಳ ಬೇರೆ.

ಹಂಗಾದ್ರೆ ಮಳೆ ತಡ್ಕೊಳ್ಳೋ ತಳಿ ಪ್ರಪಂಚದಲ್ಲೇ ಇಲ್ವಾ ಅಂದ್ರೆ ಇದೆ. ಐರ್ಲೆಂಡಿನ ಪಶ್ಚಿಮದ ಕನೆಮಾರಾ, ಇಂಗ್ಲೆಂಡಿನ ಎಕ್ಸ್‌ಮೂರ್, ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್, ಎಲ್ಲ ಮಳೆ ಗಾಳೀಲೇ ಬೆಳೆದ ತಟ್ಟುಗಳು, ಅಂದ್ರೆ ಗಿಡ್ಡ ಜಾತಿ ಕುದುರೆಗಳು. ಎಕ್ಸ್‌ಮೂರ್‌ಗೆ ಚಳಿಗಾಲದಲ್ಲಿ ಎರಡು ಪದರ ಕೂದಲು ಬರುತ್ತೆ, ಒಳಗಿಂದು ಬೆಚ್ಚಗಿಡೋಕೆ, ಮೇಲಿಂದು ನೀರು ಜಾರ್ಸೋಕೆ. ಆದ್ರೆ ಅದು ಚಳಿ ದೇಶದ ಮಳೆಗೆ ಆಗಿರೋದು, ನಮ್ಮ ಏಪ್ರಿಲ್ ಸೆಕೆಗಲ್ಲ, ಅಲ್ಲಿಂದ ತರ್ಸೋ ಖರ್ಚಲ್ಲಿ ನೀವು ಇನ್ನೊಂದು ಹೋಮ್‌ಸ್ಟೇ ಕಟ್ಬಹುದು. (ಐಸ್‌ಲ್ಯಾಂಡ್‌ನವರು ಇನ್ನೂ ಕಟ್ಟುನಿಟ್ಟು, ಅಲ್ಲಿನ ಕುದುರೆ ಒಂದ್ಸಲ ದೇಶ ಬಿಟ್ರೆ ವಾಪಸ್ ಬರೋ ಹಂಗಿಲ್ಲ, ರೋಗ ತರುತ್ತೆ ಅಂತ.) ನಮ್ಮ ದೇಶದಲ್ಲೇ ಮಳೆ, ಜೌಗು ಎರಡೂ ಅಭ್ಯಾಸ ಇರೋದು ಮಣಿಪುರಿ ತಟ್ಟು, ಈಗಿನ ಪೋಲೋ ಆಟ ಹುಟ್ಟಿದ್ದೇ ಅದರ ಬೆನ್ನ ಮೇಲೆ. ನನ್ನ ಕೇಳಿದ್ರೆ ಮಲೆನಾಡಿಗೆ ಅದೇ ಸರಿ, ಆದ್ರೆ ಅವುಗಳ ಸಂಖ್ಯೆ ಅವರ ಊರಲ್ಲೇ ಕಮ್ಮಿ ಆಗೋಗಿದೆ, ಇಲ್ಲಿಗೆ ತರೋ ಆಸೆ ಬಿಡಿ.

ಬೆಂಗಳೂರು ರೇಸ್‌ನಿಂದ ರಿಟೈರ್ ಆದ ಥರೋಬ್ರೆಡ್ ಕಮ್ಮಿಗೆ ಕೊಡ್ತೀವಿ ಅಂತ ಯಾರಾದ್ರೂ ಫೋನ್ ಮಾಡ್ತಾರೆ, ಬೇಡ. ತೆಳು ಚರ್ಮ, ತೆಳು ಗೊರಸು, ಬೆದರೋ ಸ್ವಭಾವ. ಕುಣಿಗಲ್ ಸ್ಟಡ್ ಫಾರಂನಂಥ ಕಡೆ ಹುಟ್ಟಿ ಬೆಳೆದಿದ್ದನ್ನ ತಂದು ಕೆಸರಲ್ಲಿ ನಿಲ್ಸಿ ಅದರ ಮೇಲೆ ಗೆಸ್ಟ್ ಮಕ್ಕಳನ್ನ ಕೂರ್ಸೋದು ಪಾಪದ ಕೆಲಸ.

ಇನ್ನು ಕತ್ತೆ. ಕತ್ತೆ ಅಂದ್ರೆ ಎಲ್ಲ ತಡ್ಕೊಳ್ಳುತ್ತೆ ಅಂತ ಜನ ಅಂದ್ಕೊಂಡಿದ್ದಾರೆ, ಅದು ತಡ್ಕೊಳ್ಳೋದು ಬಿಸಿಲು, ಹಸಿವು, ಭಾರ. ಅದರ ಮೂಲ ಆಫ್ರಿಕಾದ ಒಣ ನೆಲದ ಕಾಡುಕತ್ತೆ, ಅದಕ್ಕೇ ಕುದುರೆ ಕೂದಲಿನಷ್ಟು ನೀರು ಜಾರಲ್ಲ, ಒಳಗಿನ ತನಕ ನೆನೆದು ನಡುಗ್ತಾ ನಿಂತಿರುತ್ತೆ. ಮೇಲಿಂದ ನಿಮ್ಮ ತೋಟದ ಹಸಿರು ಹುಲ್ಲು ಬೇಕಾದಷ್ಟು ತಿಂದು ಕೊಬ್ಬಿದ್ರೆ ಗೊರಸಿನ ಒಳಗೇ ಊತ ಬಂದು ಹೆಜ್ಜೆ ಇಡೋಕಾಗಲ್ಲ. ಫ್ರಾನ್ಸಿನ ಪ್ವಾತು ಅಂತ ಒಂದು ಕತ್ತೆ ಇದೆ, ಹೇಸರಗತ್ತೆ ಹುಟ್ಸೋಕೆ ಅಂತಲೇ ಬೆಳೆಸಿದ್ದು, 1977ರಲ್ಲಿ ಎಣಿಸಿದಾಗ ಬರೀ 44 ಉಳ್ಕೊಂಡಿತ್ತು, ಮೈ ತುಂಬ ಜಡೆಗಟ್ಟಿದ ಕೂದಲು, ಅದನ್ನ ನಿಮ್ಮಲ್ಲಿ ನಿಲ್ಸಿದ್ರೆ ಒಣಗೋಕೆ ದೀಪಾವಳಿ ಬರ್ಬೇಕು. ಮಿನಿ ಅಂತ ಹೇಳೋದು ಸಿಸಿಲಿ, ಸಾರ್ಡೀನಿಯಾ ದ್ವೀಪಗಳ ತಳಿಗೆ, ನಮ್ಮ ಅಗಸರ ಮನೆ ಕತ್ತೆನೂ ಸಣ್ಣದೇ ಅಲ್ವಾ, ರೀಲ್ಸ್ ನೋಡಿ ಹೆಸರಿಗೆ ದುಡ್ಡು ಕೊಡ್ಬೇಡಿ. ಹಾಲು ಮಾರೋ ಐಡಿಯಾ ಇದ್ರೆ ಗುಜರಾತಿನ ಹಾಲಾರಿ ಹೆಸರುವಾಸಿ, ಆದ್ರೆ ಒಂದು ಕತ್ತೆ ದಿನಕ್ಕೆ ಕೊಡೋದು ತೀರಾ ಕಮ್ಮಿ ಹಾಲು, ಲೆಕ್ಕ ನೀವೇ ಹಾಕಿ.

ಹಂಗಾಗಿ ನನ್ನ ಸಲಹೆ, ತಳಿ ಹೆಸರು ಇಲ್ದಿರೋ ನಾಟಿ ತಟ್ಟು, ಬೀಜ ಹೊಡೆಸಿರೋ ಗಂಡು, ಮಲೆನಾಡಲ್ಲೇ ಒಂದಾದ್ರೂ ಮಳೆಗಾಲ ಕಳೆದಿರೋದು. ಆಗಸ್ಟ್‌ನಲ್ಲಿ ಹೋಗಿ ನೋಡಿ, ಬೇಸಿಗೇಲಿ ಎಲ್ಲ ಕುದುರೆ ಗೊರಸೂ ಚೆನ್ನಾಗೇ ಕಾಣುತ್ತೆ. ಲಾಯದ ನೆಲ ಎತ್ತರಕ್ಕಿರಲಿ, ಒಣಗಿರಲಿ, ಬೇಲಿ ಸಾಲಲ್ಲಿ ಕಣಗಿಲೆ ಇದ್ರೆ ಇವತ್ತೇ ಕಿತ್ತಾಕಿ, ಅದರ ಎಲೆ ಕುದುರೆಗೆ ವಿಷ. ಗ್ಲಾಂಡರ್ಸ್ ಟೆಸ್ಟ್ ರಿಪೋರ್ಟ್ ಇಲ್ದೆ ಅಡ್ವಾನ್ಸ್ ಕೂಡ ಕೊಡ್ಬೇಡಿ, ಅದು ಮನುಷ್ಯರಿಗೂ ಬರೋ ರೋಗ, ಪಾಸಿಟಿವ್ ಬಂದ ಪ್ರಾಣೀನ ಉಳಿಸ್ಕೊಳ್ಳೋ ಹಂಗಿಲ್ಲ. ಹಾಸನದಲ್ಲೇ ವೆಟರ್ನರಿ ಕಾಲೇಜಿದೆ, ಖರೀದಿಗೆ ಮುಂಚೆ ಅಲ್ಲಿ ವಿಚಾರಿಸಿ. ಎತ್ತರ ಕೇಳಿದ್ರಲ್ಲ, 13 ಹ್ಯಾಂಡ್ ಆಸುಪಾಸು ಸಾಕು, ಅಂದ್ರೆ 52 ಇಂಚು.