80 ಎಸೆತಕ್ಕೇ ಸಾಕಾಯಿತೇ?

ಓದುಗರ ಪತ್ರ: ನ್ಯೂಜೆರ್ಸಿಯ ಮಗಳ ಮನೆಗೆ ಹೋದಾಗ ಅಳಿಯನ ಜೊತೆ ಕೂತು ಬೇಸ್‌ಬಾಲ್ ನೋಡುವ ಹುಚ್ಚು ಹತ್ತಿತು. 2022ರಲ್ಲಿ ಡಾಡ್ಜರ್ಸ್ ತಂಡದ ಪಿಚರ್ (ನಮ್ಮ ಬೌಲರ್ ಇದ್ದಂತೆ) ಕ್ಲೇಟನ್ ಕರ್ಶಾ ದೊಡ್ಡ ದಾಖಲೆಯ ಹತ್ತಿರ ಬಂದಿದ್ದಾಗ ಬರೀ 80 ಎಸೆತಕ್ಕೇ ಹೊರಗೆ ಕರೆಸಿಕೊಂಡರಂತೆ. ನಮ್ಮ ಕುಂಬ್ಳೆ ದವಡೆ ಮುರಿದರೂ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಲಿಲ್ಲವೇ? ಇವರೇನು ಬೆಣ್ಣೆ ಬೊಂಬೆಗಳೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನನಗೂ ಬಂದಿತ್ತು. ಎದುರಾಳಿಯ ಒಬ್ಬನೂ ಬೇಸ್ (ರನ್ ಓಟದ ನಿಲ್ದಾಣ) ಮುಟ್ಟದಂತೆ, ಒಂಬತ್ತು ಇನ್ನಿಂಗ್ಸ್‌ಗೆ ಮೂವರಂತೆ 27 ಜನರನ್ನು ಸಾಲಾಗಿ ಔಟ್ ಮಾಡುವುದೇ ಪರ್ಫೆಕ್ಟ್ ಗೇಮ್. ಅಮೆರಿಕದ ದೊಡ್ಡ ಲೀಗ್‌ನ ಸುಮಾರು 150 ವರ್ಷಗಳಲ್ಲಿ ಆಗಿರುವುದು ಬರೀ 24. ಅವತ್ತು, ಏಪ್ರಿಲ್ 13ರಂದು, ಮಿನಿಯಾಪೊಲಿಸ್‌ನ ಚಳಿಯಲ್ಲಿ ಕರ್ಶಾ ಏಳು ಇನ್ನಿಂಗ್ಸ್‌ನಲ್ಲಿ 21 ಜನರನ್ನು ಔಟ್ ಮಾಡಿದ್ದರು. ಇನ್ನು ಆರೇ ಆರು ಜನ. ಮ್ಯಾನೇಜರ್ (ಅಲ್ಲಿ ತಂಡದ ಮುಖ್ಯ ಕೋಚ್) ಡೇವ್ ರಾಬರ್ಟ್ಸ್ ಸಾಕು ಅಂದರು. ಕರ್ಶಾ ಕೂಡ ತಕರಾರು ತೆಗೆಯಲಿಲ್ಲ.

ಆದರೆ ಕುಂಬ್ಳೆಯವರ ಹೋಲಿಕೆ ಇಲ್ಲಿ ಕೂರುವುದಿಲ್ಲ. 2002ರಲ್ಲಿ ಆಂಟಿಗಾದಲ್ಲಿ ಅವರಿಗೆ ಮುರಿದದ್ದು ದವಡೆ, ಬೌಲ್ ಮಾಡಿದ್ದು ಕೈ. 14 ಓವರ್ ಹಾಕಿ, ಲಾರಾ ವಿಕೆಟ್ ತೆಗೆದು, ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ವಿಮಾನ ಹತ್ತಿದರು. ಕರ್ಶಾ ಅವರದ್ದು ಹಾಗಲ್ಲ. ಹಿಂದಿನ ವರ್ಷ ಕೈಕೊಟ್ಟಿದ್ದು ಎಸೆಯುವ ಎಡಗೈಯೇ. ಮುಂಗೈ ನೋವಿಗೆ 2021ರ ಪ್ಲೇಆಫ್ ಪೂರ್ತಿ ಹೊರಗೆ ಕೂತಿದ್ದರು. ಮಾಲೀಕರು ಮತ್ತು ಆಟಗಾರರ ಜಗಳದಿಂದ ಅಭ್ಯಾಸದ ದಿನಗಳೂ ಕಡಿಮೆಯಾಗಿದ್ದವು. ಅದು ಆ ವರ್ಷದ ಅವರ ಮೊದಲ ಪಂದ್ಯ, ವಯಸ್ಸು 34.

ಚೆಂಡನ್ನು ಜೋರಾಗಿ ಎಸೆಯುವಾಗ ಮೊಣಕೈಯ ಒಳಬದಿ ಬಾಯಿ ತೆರೆದುಕೊಳ್ಳುವ ಹಾಗೆ ಎಳೆತ ಬೀಳುತ್ತದೆ. ಅಲ್ಲಿ ಎರಡು ಮೂಳೆಗಳನ್ನು ಹಿಡಿದಿರುವುದು ಲಿಗಮೆಂಟ್ ಎಂಬ ಒಂದು ಸಣ್ಣ ಪಟ್ಟಿ. ಸುತ್ತಲಿನ ಸ್ನಾಯುಗಳು ಚುರುಕಾಗಿರುವಷ್ಟು ಹೊತ್ತು ಭಾರ ಹಂಚಿಕೊಳ್ಳುತ್ತವೆ. ಅವು ದಣಿದರೆ ಎಳೆತವೆಲ್ಲ ಆ ಪಟ್ಟಿಯ ಮೇಲೆ. ದಾಖಲೆ ಹತ್ತಿರ ಬರುವುದೂ ಸರಿಯಾಗಿ ಕೈ ದಣಿಯುವ ಹೊತ್ತಿಗೇ ಅಲ್ವಾ?

ನಿಮ್ಮ ಅಳಿಯ ಮೆಟ್ಸ್ ಅಭಿಮಾನಿಯಾಗಿದ್ದರೆ ಯೋಹಾನ್ ಸಾಂಟಾನಾ ಬಗ್ಗೆ ಕೇಳಿ ನೋಡಿ. ನ್ಯೂಯಾರ್ಕ್‌ನ ಈ ತಂಡ 1962ರಿಂದ 8,019 ಪಂದ್ಯ ಆಡಿದರೂ ಅವರ ಪಿಚರ್ ಒಬ್ಬರೂ ನೋ-ಹಿಟ್ಟರ್, ಅಂದರೆ ಒಂದೂ ಹಿಟ್ (ಹೊಡೆದು ಬೇಸ್ ಸೇರುವುದು) ಕೊಡದ ಪೂರ್ತಿ ಪಂದ್ಯ, ಕಂಡಿರಲಿಲ್ಲ. 2012ರ ಜೂನ್ 1ರಂದು ಸಾಂಟಾನಾ ಅದರ ಬೆನ್ನು ಹತ್ತಿದರು. 2010ರಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ, 2011ರ ಸೀಸನ್ ಪೂರ್ತಿ ಕಳೆದುಕೊಂಡು ಬಂದವರು. 110, ಹೆಚ್ಚೆಂದರೆ 115 ಎಸೆತ ಅಂತ ಮ್ಯಾನೇಜರ್ ಟೆರಿ ಕಾಲಿನ್ಸ್ ಲೆಕ್ಕ ಹಾಕಿದ್ದರು. 115 ದಾಟಿತು, 120 ದಾಟಿತು. ಊರಿಗೆ ಊರೇ ಎದ್ದು ನಿಂತು ಕೂಗುವಾಗ ಹೋಗಿ ಚೆಂಡು ಇಸಿದುಕೊಳ್ಳುವುದು ಹೇಗೆ? ಕೊನೆಗೆ 134 ಎಸೆತ. ತಂಡದವರೆಲ್ಲ ಕುಣಿದರು, ಕಾಲಿನ್ಸ್ ಮಾತ್ರ ಆ ಭುಜದ ಚಿಂತೆಯಲ್ಲಿದ್ದರು. (ಅವತ್ತು ಎದುರಾಳಿ ಬೆಲ್ಟ್ರಾನ್ ಹೊಡೆದ ಒಂದು ಚೆಂಡು ಗೆರೆಯ ಸುಣ್ಣಕ್ಕೆ ತಾಗಿಯೇ ಹೋಗಿತ್ತು, ಹಿಟ್ ಆಗಬೇಕಿತ್ತು, ಅಂಪೈರ್ ಫೌಲ್, ಅಂದರೆ ಗೆರೆಯಾಚೆ, ಅಂದುಬಿಟ್ಟರು. ಅಷ್ಟು ಕಾದ ದಾಖಲೆಗೂ ಅದೃಷ್ಟ ಬೇಕು.)

ಆಮೇಲೆ ಸಾಂಟಾನಾ ಆಡಿದ್ದು ಹತ್ತೇ ಪಂದ್ಯ, ಅವೂ ಕೆಟ್ಟದಾಗಿ. ಆಗಸ್ಟ್‌ಗೆ ಸೀಸನ್ ಮುಗಿಯಿತು. 2013ರಲ್ಲಿ ಅದೇ ಭುಜ ಮತ್ತೆ ಹರಿಯಿತು. ದೊಡ್ಡ ಲೀಗ್‌ಗೆ ಮರಳಲೇ ಇಲ್ಲ. ಆ 134 ಎಸೆತವೇ ಕಾರಣ ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಮೊದಲೇ ಹರಿದಿದ್ದ ಭುಜ ಅದು. ಮೆಟ್ಸ್ ಅಭಿಮಾನಿಗಳು ಆ ರಾತ್ರಿಯನ್ನು ಬೇಡ ಅನ್ನುವುದೂ ಇಲ್ಲ. ಕಾಲಿನ್ಸ್ ಜಾಗದಲ್ಲಿದ್ದರೆ ನಾನೂ ಸುಮ್ನೆ ಕೂತಿರುತ್ತಿದ್ದೆನೇನೋ.

ಅದಕ್ಕೇ ಬೇಡ ಅನ್ನುವ ಕೆಲಸ ಪಿಚರ್‌ಗೆ ಬಿಡಬಾರದು ಅನ್ನುತ್ತೇನೆ. ಅವನು ಯಾವತ್ತೂ ಇನ್ನೊಂದು ಇನ್ನಿಂಗ್ಸ್ ಅಂತಲೇ ಕೇಳುತ್ತಾನೆ. ಬೇಡ ಅಂದವರಿಗೆ ಬೈಗುಳ ಗ್ಯಾರಂಟಿ. 2019ರಲ್ಲಿ ಜಪಾನಿನ ಇವಾತೆಯಲ್ಲಿ ಹೈಸ್ಕೂಲ್ ಫೈನಲ್. ಗೆದ್ದರೆ ಕೋಶಿಯೆನ್ ಮೈದಾನದ ರಾಷ್ಟ್ರೀಯ ಟೂರ್ನಿ, ಅಲ್ಲಿನ ಮಕ್ಕಳ ಕನಸು. ಒಫುನಾತೊ ಶಾಲೆಯ ರೋಕಿ ಸಸಾಕಿ ಹಿಂದಿನ ದಿನವಷ್ಟೇ 129 ಎಸೆತ ಹಾಕಿದ್ದ. ಅದಕ್ಕೂ ಕೆಲವು ದಿನ ಮೊದಲು ಒಂದೇ ಪಂದ್ಯದಲ್ಲಿ 194! ಕೋಚ್ ಅವನನ್ನು ಆಡಿಸಲಿಲ್ಲ. ತಂಡ 12–2ರಿಂದ ಸೋತಿತು. ಶಾಲೆಗೆ ಬೈಗುಳದ ಫೋನ್‌ಗಳು ಬಂದವು.

2022ರಲ್ಲಿ ಅದೇ ಹುಡುಗ, 20ನೇ ವಯಸ್ಸಿಗೆ, ಜಪಾನಿನ ವೃತ್ತಿಪರ ಲೀಗ್‌ನಲ್ಲಿ ಪರ್ಫೆಕ್ಟ್ ಗೇಮ್ ಎಸೆದ. ಮುಂದಿನ ವಾರ ಮತ್ತೆ ಎಂಟು ಇನ್ನಿಂಗ್ಸ್ ಪರ್ಫೆಕ್ಟ್! 102 ಎಸೆತಕ್ಕೆ ಅವನನ್ನೂ ಹೊರಗೆ ಕರೆದರು, ಕರ್ಶಾ ಪಂದ್ಯವಾಗಿ ನಾಲ್ಕೇ ದಿನಕ್ಕೆ. ಇಷ್ಟೆಲ್ಲ ಕಾಪಾಡಿದರೂ 2025ರಲ್ಲಿ ಸಸಾಕಿ ಭುಜದ ನೋವಿಗೆ ತಿಂಗಳುಗಟ್ಟಲೆ ಕೂತ. ಇದರಲ್ಲಿ ಖಾತ್ರಿ ಅನ್ನುವುದಿಲ್ಲ.

ವೈಯಕ್ತಿಕ ದಾಖಲೆಯೇ ಬೇಡ ಅಂತಲೂ ನಾನು ಹೇಳುತ್ತಿಲ್ಲ. 2025ರ ಜುಲೈನಲ್ಲಿ ಕರ್ಶಾ 3,000ನೇ ಸ್ಟ್ರೈಕ್‌ಔಟ್ (ಬ್ಯಾಟರ್ ಮೂರು ಸ್ಟ್ರೈಕ್‌ಗೆ ಔಟಾಗುವುದು) ಪಡೆದದ್ದು ಪಂದ್ಯದ 100ನೇ ಎಸೆತಕ್ಕೆ. ಅವತ್ತು ಸುಮ್ನೆ ಕೂತು ಆಡಲು ಬಿಟ್ಟವರೂ ಅದೇ ರಾಬರ್ಟ್ಸ್. ಆ ಅಕ್ಟೋಬರ್‌ನಲ್ಲಿ ಕರ್ಶಾ, ಸಸಾಕಿ ಇಬ್ಬರೂ ಡಾಡ್ಜರ್ಸ್‌ನಲ್ಲಿದ್ದರು. ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ 18 ಇನ್ನಿಂಗ್ಸ್‌ಗೆ ಎಳೆಯಿತು. 12ನೆಯದರಲ್ಲಿ ಮೂರೂ ಬೇಸ್ ತುಂಬಿದ್ದಾಗ 37ರ ಕರ್ಶಾ ಇಳಿದರು. ಎದುರಿಸಿದ್ದು ಒಬ್ಬನನ್ನೇ. ಔಟ್ ಮಾಡಿ ವಾಪಸ್ ಬಂದು ಕೂತರು.